ಡೆಪ್ಯುಟಿ ಶೆರಿಫ್ ಕೆಲಸ: ಎರಡು ಕೌಂಟಿಗಳ ಆಫರ್ ಇದೆ, ಸಂಬಳ, ಪಾಳಿ, ಪಿಂಚಣಿ ಹೋಲಿಸುವುದು ಹೇಗೆ?

ತುಂಗಾತೀರ

ಅಕ್ಕನ ಮಗ ಅಮೆರಿಕದಲ್ಲೇ ಹುಟ್ಟಿ ಬೆಳೆದವನು, ಅಲ್ಲಿನ ಪ್ರಜೆ, ವಯಸ್ಸು 24. ಶೆರಿಫ್ ಆಫೀಸಿನಲ್ಲಿ, ಅಂದರೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪೊಲೀಸ್ ಕಚೇರಿಯಲ್ಲಿ, ಡೆಪ್ಯುಟಿ ಆಗಬೇಕೆಂದು ನಿರ್ಧರಿಸಿದ್ದಾನೆ. ಎರಡು ಕಡೆಯಿಂದ ಷರತ್ತುಬದ್ಧ ಆಫರ್ ಬಂದಿದೆ. ಮನೆಯವರಿಗೆಲ್ಲ ಗೊತ್ತಿರುವುದು ಐಟಿ ಕಂಪನಿಯ ಸಂಬಳದ ಲೆಕ್ಕ ಮಾತ್ರ, ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ಒಂದು ಕ್ಯಾಲಿಫೋರ್ನಿಯದ ಕೌಂಟಿ. ವರ್ಷಕ್ಕೆ 96,000 ಡಾಲರ್. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಹತ್ತು ಗಂಟೆ. ಪಿಂಚಣಿ ಕ್ಯಾಲ್‌ಪರ್ಸ್ (ಕ್ಯಾಲಿಫೋರ್ನಿಯದ ಸರ್ಕಾರಿ ನೌಕರರ ಪಿಂಚಣಿ ನಿಧಿ). ಮೊದಲು ಕೆಲವು ವರ್ಷ ಜೈಲಿನಲ್ಲೇ ಡ್ಯೂಟಿ ಎಂದಿದ್ದಾರೆ.

ಇನ್ನೊಂದು ಟೆಕ್ಸಾಸಿನ ಕೌಂಟಿ. 70,000 ಡಾಲರ್. 12 ಗಂಟೆಯ ಪಾಳಿ, ಅದಕ್ಕೆ 2-2-3 ಅನ್ನುತ್ತಾರಂತೆ. ತರಬೇತಿ ಮುಗಿದ ಮೇಲೆ ನೇರ ಗಸ್ತಿಗೆ. ಪಿಂಚಣಿ ಟಿಸಿಡಿಆರ್‌ಎಸ್ (ಟೆಕ್ಸಾಸಿನ ಕೌಂಟಿ ನೌಕರರ ನಿವೃತ್ತಿ ನಿಧಿ).

ಹುಡುಗನ ಮನಸ್ಸು ಟೆಕ್ಸಾಸಿನ ಕಡೆಗಿದೆ. "ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ವರ್ಷದಲ್ಲಿ ಅರ್ಧ ದಿನ ರಜೆ, ಓಟಿ (ಓವರ್‌ಟೈಮ್) ಬೇರೆ ಸಿಗುತ್ತದೆ, ಈಗ ಓಟಿಗೆ ತೆರಿಗೆಯೂ ಇಲ್ಲ" ಅನ್ನುತ್ತಾನೆ. ಇದರಲ್ಲಿ ಎಷ್ಟು ನಿಜ? ಯಾವ ಕಾಗದ ಕೇಳಿ ತರಿಸಿಕೊಳ್ಳಬೇಕು?

ಅಂಕೆಸಂಖ್ಯೆ

ವಾರ್ಷಿಕ ಸಂಬಳವನ್ನು ಪಕ್ಕಕ್ಕಿಟ್ಟು ಮೊದಲು ಗಂಟೆಯ ದರ ತೆಗೆಯಿರಿ. ಈ ಕೆಲಸದಲ್ಲಿ ಎರಡು ಆಫರ್ ಹೋಲಿಸಲು ಬೇರೆ ದಾರಿಯೇ ಇಲ್ಲ, ಏಕೆಂದರೆ ಎರಡು ಕಡೆ ವರ್ಷದ ಗಂಟೆಗಳೇ ಬೇರೆ.

2-2-3 ಅಂದರೆ ಹೀಗೆ. ಮೊದಲ ವಾರ ಸೋಮವಾರ, ಮಂಗಳವಾರ ಕೆಲಸ. ಬುಧ, ಗುರು ರಜೆ. ಶುಕ್ರ, ಶನಿ, ಭಾನು ಕೆಲಸ. ಎರಡನೇ ವಾರ ಪೂರ್ತಿ ತಿರುವುಮುರುವು: ಸೋಮ, ಮಂಗಳ ರಜೆ, ಬುಧ, ಗುರು ಕೆಲಸ, ಶುಕ್ರದಿಂದ ಭಾನುವಾರದವರೆಗೆ ರಜೆ. ಒಂದು ವಾರ 60 ಗಂಟೆ, ಇನ್ನೊಂದು ವಾರ 24. ಹದಿನಾಲ್ಕು ದಿನಕ್ಕೆ ಏಳು ಪಾಳಿ, 84 ಗಂಟೆ. ವರ್ಷಕ್ಕೆ 182 ಪಾಳಿ, 2,184 ಗಂಟೆ. ನಾಲ್ಕು ದಿನ ಹತ್ತು ಗಂಟೆಯ ಪದ್ಧತಿಯಲ್ಲಿ ವರ್ಷಕ್ಕೆ 208 ದಿನ, 2,080 ಗಂಟೆ. ಅಂದರೆ ಟೆಕ್ಸಾಸಿನಲ್ಲಿ 26 ದಿನ ಕಡಿಮೆ ಹೋಗುತ್ತಾನೆ, ಆದರೆ 104 ಗಂಟೆ ಹೆಚ್ಚು ದುಡಿಯುತ್ತಾನೆ. "ಅರ್ಧ ವರ್ಷ ರಜೆ" ಅನ್ನುವುದು ದಿನದ ಲೆಕ್ಕದಲ್ಲಿ ಸರಿ, ಗಂಟೆಯ ಲೆಕ್ಕದಲ್ಲಿ ಅಲ್ಲ.

70,000ವನ್ನು 2,080ರಿಂದ ಭಾಗಿಸಿದರೆ ಗಂಟೆಗೆ 33.65 ಡಾಲರ್. 2,184ರಿಂದ ಭಾಗಿಸಿದರೆ 32.05. ಆಫರ್‌ನಲ್ಲಿರುವ 70,000 ಇವೆರಡರಲ್ಲಿ ಯಾವುದರ ಮೇಲೆ ನಿಂತಿದೆ ಎಂದು ಬರಹದಲ್ಲಿ ಕೇಳಿ. ಗಂಟೆಯ ದರ 33.65 ಎಂದೇ ಆದರೆ ಆ ಹೆಚ್ಚುವರಿ 104 ಗಂಟೆಗೆ ಬೇರೆ ಹಣ ಬರುತ್ತದೆ, ವರ್ಷಕ್ಕೆ ಸುಮಾರು 3,500 ಡಾಲರ್. 70,000ದಲ್ಲೇ ಅದೂ ಸೇರಿದ್ದರೆ ಬರುವುದಿಲ್ಲ. ಕ್ಯಾಲಿಫೋರ್ನಿಯದ 96,000 ÷ 2,080 = 46.15.

ಈಗ ಓಟಿ. ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ಅನ್ನುವುದು ಸಾಮಾನ್ಯ ನೌಕರರ ನಿಯಮ. ದುಡಿಮೆಯ ಗಂಟೆ, ಕೂಲಿಯ ಫೆಡರಲ್ ಕಾನೂನಾದ ಎಫ್‌ಎಲ್‌ಎಸ್‌ಎಯ 7(ಕೆ) ವಿಧಿ ಪೊಲೀಸರಿಗೂ ಅಗ್ನಿಶಾಮಕದವರಿಗೂ ಬೇರೆ ಅಳತೆ ಇಟ್ಟಿದೆ. ಕಾನೂನು ಪಾಲನೆಯವರಿಗೆ 28 ದಿನಕ್ಕೆ 171 ಗಂಟೆ, 14 ದಿನಕ್ಕೆ 86, 7 ದಿನಕ್ಕೆ 43. ಕೌಂಟಿ ತನಗೆ ಬೇಕಾದ ಅವಧಿ ಆರಿಸಿಕೊಳ್ಳಬಹುದು. 2-2-3ರಲ್ಲಿ 28 ದಿನಕ್ಕೆ 14 ಪಾಳಿ, 168 ಗಂಟೆ. 171ಕ್ಕಿಂತ ಮೂರು ಕಡಿಮೆ. ಈ ಪಾಳಿ ಪದ್ಧತಿ ಇಷ್ಟೊಂದು ಕಡೆ ಹರಡಿರುವುದಕ್ಕೆ ಇದೂ ಒಂದು ಕಾರಣ: ವಾರಕ್ಕೆ ಸರಾಸರಿ 42 ಗಂಟೆ ದುಡಿಸಿದರೂ ಫೆಡರಲ್ ಓಟಿ ಒಂದು ನಿಮಿಷವೂ ಹುಟ್ಟುವುದಿಲ್ಲ.

ಇನ್ನೂ ಇದೆ. ಎಫ್‌ಎಲ್‌ಎಸ್‌ಎಯಲ್ಲಿ ರಜೆಯ ಗಂಟೆ ದುಡಿದ ಗಂಟೆಯಲ್ಲ. ಆ 28 ದಿನದಲ್ಲಿ ಹುಡುಗ ಒಂದು ಪಾಳಿ ರಜೆ ಹಾಕಿದ ಅಂದುಕೊಳ್ಳಿ, ದುಡಿದದ್ದು 156. ಆಮೇಲೆ ಕೋರ್ಟ್ ಸಾಕ್ಷಿಗೋ ಬಂದೋಬಸ್ತಿಗೋ ಹೆಚ್ಚುವರಿ ಕರೆಸಿಕೊಂಡರೆ ಮೊದಲ 15 ಗಂಟೆಗೆ ಸಾದಾ ದರ, ಅಲ್ಲಿಂದಾಚೆಗೆ ಮಾತ್ರ ಒಂದೂವರೆ ಪಟ್ಟು. ನೌಕರರ ಸಂಘದೊಂದಿಗಿನ ಒಪ್ಪಂದ ಗಟ್ಟಿಯಾಗಿರುವ ಕಡೆ "ಸಂಬಳಸಹಿತ ರಜೆಯನ್ನೂ ದುಡಿದ ಗಂಟೆ ಎಂದೇ ಎಣಿಸತಕ್ಕದ್ದು, ನಿಗದಿತ ಪಾಳಿ ಮೀರಿದ್ದೆಲ್ಲ ಓಟಿ" ಎಂಬ ಸಾಲು ಇರುತ್ತದೆ. ಆ ಒಂದು ಸಾಲಿನ ಬೆಲೆ ವರ್ಷಕ್ಕೆ ಸಾವಿರಾರು ಡಾಲರ್. ಅದು ಇದೆಯೋ ಇಲ್ಲವೋ ಎಂಬುದನ್ನು ಮೊದಲು ಹುಡುಕಿ. ಕ್ಯಾಲಿಫೋರ್ನಿಯದಲ್ಲಿ ದಿನಕ್ಕೆ 8 ಗಂಟೆ ಮೀರಿದರೆ ಓಟಿ ಎಂದು ಕೇಳಿರುತ್ತೀರಿ. ಅದು ಖಾಸಗಿಯವರಿಗೆ, ಕೌಂಟಿ ನೌಕರರಿಗೆ ಅನ್ವಯಿಸುವುದಿಲ್ಲ. ಅಲ್ಲೂ ಒಪ್ಪಂದದಲ್ಲಿ ಬರೆದದ್ದೇ ಆಧಾರ.

ಬ್ರೀಫಿಂಗ್ ಬಗ್ಗೆ ತಪ್ಪದೆ ಕೇಳಿ. ಪಾಳಿ ಶುರುವಾಗುವ ಮುಂಚೆ 15 ನಿಮಿಷ ಹಾಜರಾತಿ, ಸೂಚನೆ ಇದ್ದರೆ ಅದು ದುಡಿದ ಸಮಯವೇ. 14 ಪಾಳಿಗೆ ಅದು ಮೂರೂವರೆ ಗಂಟೆ. 168ಕ್ಕೆ ಕೂಡಿಸಿ: 171.5. ಗಡಿ ದಾಟಿತು! ಕೆಲವು ಆಫೀಸುಗಳು ಬ್ರೀಫಿಂಗನ್ನು 12 ಗಂಟೆಯ ಒಳಗೇ ಸೇರಿಸುವುದು ಇದಕ್ಕೇ. ಊಟದ ಅರ್ಧ ಗಂಟೆಯೂ ಹಾಗೆಯೇ. ಸಂಬಳವಿಲ್ಲದ ಊಟದ ಬಿಡುವು ಎಂದು ಕಳೆದುಬಿಟ್ಟರೆ 28 ದಿನಕ್ಕೆ ಏಳು ಗಂಟೆ ಹೋಯಿತು. ಡ್ಯೂಟಿಯಿಂದ ಪೂರ್ತಿ ಬಿಡುಗಡೆ ಕೊಟ್ಟರೆ ಮಾತ್ರ ಹಾಗೆ ಕಳೆಯಬಹುದು. ರೇಡಿಯೊ ಕಿವಿಗಿಟ್ಟುಕೊಂಡು, ಕರೆ ಬಂದರೆ ತಟ್ಟೆ ಬಿಟ್ಟು ಏಳಬೇಕಾದ ಗಸ್ತಿನವನಿಗೆ ಅದು ಬಿಡುಗಡೆ ಅಲ್ಲ.

"ಓಟಿಗೆ ತೆರಿಗೆ ಇಲ್ಲ" ಅನ್ನುವುದು ಅರ್ಧಸತ್ಯ. 2025ರ ಜುಲೈ 4ರಂದು ಸಹಿಯಾದ ಕಾನೂನು 2025ರಿಂದ 2028ರವರೆಗಿನ ತೆರಿಗೆ ವರ್ಷಗಳಿಗೆ ಒಂದು ಕಡಿತ ಕೊಟ್ಟಿದೆ. ಒಬ್ಬರಿಗೆ ಗರಿಷ್ಠ 12,500, ಗಂಡ ಹೆಂಡತಿ ಜಂಟಿಯಾಗಿ ಸಲ್ಲಿಸಿದರೆ 25,000 ಡಾಲರ್. ಒಬ್ಬರ ಆದಾಯ 150,000 ದಾಟಿದರೆ ಕಡಿತ ಇಳಿಯುತ್ತಾ ಹೋಗುತ್ತದೆ. ಆದರೆ ಲೆಕ್ಕಕ್ಕೆ ಬರುವುದು ಎಫ್‌ಎಲ್‌ಎಸ್‌ಎ ಕಡ್ಡಾಯ ಮಾಡಿರುವ ಓಟಿ ಮಾತ್ರ, ಅದರಲ್ಲೂ ಒಂದೂವರೆ ಪಟ್ಟಿನ "ಅರ್ಧ" ಭಾಗ ಮಾತ್ರ. ಗಂಟೆಗೆ 32 ಡಾಲರ್ ದರವಾದರೆ ಓಟಿ ದರ 48, ಕಡಿತ ಸಿಗುವುದು 16ಕ್ಕೆ. 28 ದಿನದ ಅವಧಿ ಇಟ್ಟುಕೊಂಡ ಕೌಂಟಿಯಲ್ಲಿ 171 ಮುಟ್ಟುವ ಮುನ್ನ ಒಪ್ಪಂದದ ಪ್ರಕಾರ ಕೊಟ್ಟ ಓಟಿ ಈ ಕಡಿತಕ್ಕೆ ಬರುವುದೇ ಇಲ್ಲ.

ರಾಜ್ಯ ತೆರಿಗೆಯ ಮಾತಿಗೆ: ಮದುವೆಯಾಗದವನಿಗೆ 96,000 ಸಂಬಳ, ಅದರಲ್ಲಿ ಪಿಂಚಣಿ ವಂತಿಗೆ ತೆರಿಗೆಗೆ ಮುನ್ನವೇ ಕಡಿತ, ಸ್ಟ್ಯಾಂಡರ್ಡ್ ಡಿಡಕ್ಷನ್ ಅಂದರೆ ಕ್ಯಾಲಿಫೋರ್ನಿಯದ ಆದಾಯ ತೆರಿಗೆ ಮೂರೂವರೆಯಿಂದ ನಾಲ್ಕು ಸಾವಿರ ಡಾಲರ್ ಆಸುಪಾಸು. 26,000 ಡಾಲರ್ ವ್ಯತ್ಯಾಸವನ್ನು ಅದು ನುಂಗುವುದಿಲ್ಲ. ನುಂಗುವುದು ಮನೆ ಬಾಡಿಗೆ. ಅದನ್ನು ಹುಡುಗ ನಿಲ್ಲುವ ಊರಿನ ಲೆಕ್ಕದಲ್ಲೇ ನೋಡಬೇಕು.

ಹಳೇಬೇರು

ಮೇಲಿನವರು ಸಂಬಳ ಬಿಡಿಸಿದ್ದಾರೆ, ನಾನು ಪಿಂಚಣಿ ಹೇಳುತ್ತೇನೆ. 24ರ ಹುಡುಗನಿಗೆ ಇದು ಬೇಸರದ ವಿಷಯ ಅನ್ನಿಸಬಹುದು. ಆದರೆ ಈ ಎರಡು ಆಫರ್‌ಗಳ ನಡುವಿನ ದೊಡ್ಡ ಅಂತರ ಇರುವುದು ಇಲ್ಲೇ.

ಕರ್ನಾಟಕದ ಸರ್ಕಾರಿ ನೌಕರರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ ಕ್ಯಾಲ್‌ಪರ್ಸ್ ನಮ್ಮ ಹಳೇ ಪಿಂಚಣಿಗೆ ಹತ್ತಿರ: ಎಷ್ಟು ವರ್ಷ ಸೇವೆ, ಕೊನೆಯಲ್ಲಿ ಎಷ್ಟು ಸಂಬಳ, ಅದರ ಮೇಲೆ ಜೀವನಪೂರ್ತಿ ನಿಗದಿತ ಮೊತ್ತ. 2006ರ ಏಪ್ರಿಲ್ 1ರ ನಂತರ ಇಲ್ಲಿ ಸೇರಿದವರಿಗೆ ಬಂದ ಎನ್‌ಪಿಎಸ್ ಥರ ಮಾರುಕಟ್ಟೆಗೆ ಬಿಟ್ಟದ್ದಲ್ಲ. ವ್ಯತ್ಯಾಸ ಏನೆಂದರೆ ನೌಕರನೂ ದೊಡ್ಡ ವಂತಿಗೆ ಕಟ್ಟಬೇಕು.

ಕ್ಯಾಲಿಫೋರ್ನಿಯದಲ್ಲಿ 2013ರ ಜನವರಿ 1ರಿಂದ ಪೆಪ್ರಾ ಎಂಬ ಸುಧಾರಣಾ ಕಾನೂನು ಜಾರಿಯಲ್ಲಿದೆ. ಹೊಸದಾಗಿ ಸೇರುವವನು ಅದರ ಕೆಳಗೇ ಬರುತ್ತಾನೆ. ಹಳಬರಿಗೆ ಇದ್ದ "50ಕ್ಕೆ ಶೇ. 3" ಎಂಬ ಸೂತ್ರ ಇವನಿಗಿಲ್ಲ. ನೇಮಕದ ಸಂದರ್ಭದಲ್ಲಿ ಯಾರಾದರೂ ಆ ಅಂಕಿ ಹೇಳಿದರೆ ಅದು ಹಳಬರದು ಎಂದು ತಿಳಿಯಿರಿ. ಪೆಪ್ರಾದ ಮೂರು ಸೇಫ್ಟಿ (ಪೊಲೀಸ್, ಅಗ್ನಿಶಾಮಕದಂಥ ಹುದ್ದೆಗಳ) ಸೂತ್ರಗಳಲ್ಲಿ ಹೆಚ್ಚಿನದು 57ಕ್ಕೆ ಶೇ. 2.7. 50ನೇ ವಯಸ್ಸಿಗೆ ನಿವೃತ್ತನಾದರೆ ಪ್ರತಿ ವರ್ಷದ ಸೇವೆಗೆ ಶೇ. 2, ಅಲ್ಲಿಂದ ವಯಸ್ಸು ಒಂದೊಂದು ಏರಿದಂತೆ 0.1 ಏರಿ 57ಕ್ಕೆ 2.7. ಹುಡುಗ 24ಕ್ಕೆ ಸೇರಿ 50ಕ್ಕೆ ಬಿಟ್ಟರೆ 26 × 2 = ಶೇ. 52. 57ರವರೆಗೆ ಇದ್ದರೆ 33 × 2.7 = ಶೇ. 89.1. ಕೊನೆಯ ಏಳು ವರ್ಷಗಳ ತೂಕ ಎಷ್ಟಿದೆ ನೋಡಿ!

ಯಾವುದರ ಶೇಕಡಾ? ಸತತ 36 ತಿಂಗಳ ಅತಿ ಹೆಚ್ಚಿನ ಸರಾಸರಿ ಸಂಬಳದ್ದು. ಓಟಿ ಅದರಲ್ಲಿ ಸೇರುವುದಿಲ್ಲ. ಪೆಪ್ರಾದವರಿಗೆ ಸಮವಸ್ತ್ರ ಭತ್ಯೆಯೂ ಸೇರುವುದಿಲ್ಲ. ಹಾಗಾಗಿ ಓಟಿಯಿಂದ ದೊಡ್ಡದಾದ ಸಂಬಳ ನೋಡಿ ಪಿಂಚಣಿ ಅಂದಾಜು ಹಾಕಬೇಡಿ. ವಂತಿಗೆ ಕನಿಷ್ಠ "ನಾರ್ಮಲ್ ಕಾಸ್ಟ್"ನ (ಆ ವರ್ಷದ ಸೇವೆಗೆ ತಗಲುವ ಪಿಂಚಣಿ ವೆಚ್ಚ) ಅರ್ಧ, ಸೇಫ್ಟಿಯವರಿಗೆ ಸಾಮಾನ್ಯವಾಗಿ ಸಂಬಳದ ಶೇ. 13ರ ಆಸುಪಾಸು ಬೀಳುತ್ತದೆ. 96,000ದಲ್ಲಿ 12,500 ಡಾಲರ್ ಅಲ್ಲೇ ಹೋಯಿತು. ಕೈಗೆ ಬರುವ ಹಣದ ಲೆಕ್ಕ ಹಾಕುವಾಗ ಬಹಳ ಜನ ಇದನ್ನು ಮರೆಯುತ್ತಾರೆ. ಪಿಂಚಣಿಯ ಹಕ್ಕು ಖಾಯಂ ಆಗಲು ಐದು ವರ್ಷ ಸೇವೆ ಬೇಕು.

ಒಂದು ಎಚ್ಚರಿಕೆ. ಕ್ಯಾಲಿಫೋರ್ನಿಯದ 58 ಕೌಂಟಿಗಳಲ್ಲಿ 20 ಕ್ಯಾಲ್‌ಪರ್ಸ್ ಅಲ್ಲ, 1937ರ ಕಾಯ್ದೆಯ ಕೆಳಗೆ ತಮ್ಮದೇ ನಿಧಿ ನಡೆಸುತ್ತವೆ. ಲಾಸ್ ಏಂಜಲೀಸ್, ಆರೆಂಜ್, ಸ್ಯಾನ್ ಡಿಯೇಗೊ, ಅಲಮೀಡ, ಸ್ಯಾಕ್ರಮೆಂಟೊ ಎಲ್ಲ ಹಾಗೆ. ನಮ್ಮವರು ಹೆಚ್ಚಿರುವ ಸಾಂತಾ ಕ್ಲಾರಾ ಕ್ಯಾಲ್‌ಪರ್ಸ್‌ನಲ್ಲಿದೆ. ಒಂದರಿಂದ ಇನ್ನೊಂದಕ್ಕೆ ಆರು ತಿಂಗಳೊಳಗೆ ಹೋದರೆ ಪರಸ್ಪರ ಮಾನ್ಯತೆ ಇದೆ, ಎರಡೂ ಪಿಂಚಣಿಗಳನ್ನು ಕೊನೆಯ ಹೆಚ್ಚಿನ ಸಂಬಳದ ಮೇಲೆಯೇ ಲೆಕ್ಕ ಹಾಕುತ್ತಾರೆ. ಆರು ತಿಂಗಳು ದಾಟಿದರೆ ಆ ಅನುಕೂಲ ಹೋಯಿತು. ಕ್ಯಾಲಿಫೋರ್ನಿಯಕ್ಕೂ ಟೆಕ್ಸಾಸಿಗೂ ನಡುವೆ ಅಂಥ ಸೇತುವೆ ಇಲ್ಲ.

ಟೆಕ್ಸಾಸಿನ ಟಿಸಿಡಿಆರ್‌ಎಸ್ ಬೇರೆ ಜಾತಿಯದು. ಅದು ಉಳಿತಾಯ ಖಾತೆಯ ಮಾದರಿ. ನೌಕರ ಸಂಬಳದ ಶೇ. 4ರಿಂದ 7ರವರೆಗೆ ಕಟ್ಟುತ್ತಾನೆ, ದರ ಕೌಂಟಿ ನಿರ್ಧರಿಸುತ್ತದೆ. ಆ ಹಣಕ್ಕೆ ಕಾನೂನಿನಂತೆ ವರ್ಷಕ್ಕೆ ಶೇ. 7 ಬಡ್ಡಿ ಖಚಿತ. ನಿವೃತ್ತಿಯ ದಿನ ಕೌಂಟಿ ತನ್ನ ಪಾಲು ಸೇರಿಸುತ್ತದೆ: ಒಂದು ಡಾಲರ್‌ಗೆ ಒಂದರಿಂದ ಎರಡೂವರೆ ಡಾಲರ್‌ವರೆಗೆ. ಈ ಅನುಪಾತವೂ ಕೌಂಟಿಯ ಆಯ್ಕೆ. ಕೇಳಬೇಕಾದ್ದು ಮೂರೇ ಅಂಕಿ: ವಂತಿಗೆ ದರ ಎಷ್ಟು, ಮ್ಯಾಚ್ (ಕೌಂಟಿಯ ಪಾಲು) ಎಷ್ಟು, ಹಕ್ಕು ಖಾಯಂ ಆಗಲು ಎಷ್ಟು ವರ್ಷ (5, 8 ಅಥವಾ 10 ಇರುತ್ತದೆ). ಶೇ. 7 ವಂತಿಗೆ, ಎರಡು ಪಟ್ಟು ಮ್ಯಾಚ್ ಇರುವ ಕೌಂಟಿಗೂ ಶೇ. 5, ಒಂದು ಪಟ್ಟು ಇರುವ ಕೌಂಟಿಗೂ ಅಜಗಜಾಂತರ, ಸಂಬಳ ಒಂದೇ ಇದ್ದರೂ. ಮಧ್ಯದಲ್ಲಿ ಕೆಲಸ ಬಿಟ್ಟು ಹಣ ಹಿಂದಕ್ಕೆ ತೆಗೆದರೆ ತಾನು ಕಟ್ಟಿದ್ದು, ಅದರ ಬಡ್ಡಿ ಮಾತ್ರ ಸಿಗುತ್ತದೆ. ಕೌಂಟಿಯ ಪಾಲು ಸಿಗುವುದಿಲ್ಲ. ನಿವೃತ್ತರಿಗೆ ಬೆಲೆಯೇರಿಕೆಯ ಹೆಚ್ಚಳ ಕೊಡುವುದೂ ಕೌಂಟಿಯ ಇಚ್ಛೆ. ಅಂದಹಾಗೆ ಸೇವೆಯಲ್ಲಿರುವವರಿಗೂ ಎರಡೂ ರಾಜ್ಯಗಳಲ್ಲಿ ನಮ್ಮ ತುಟ್ಟಿಭತ್ಯೆಯಂಥ ತಾನಾಗಿ ಏರುವ ವ್ಯವಸ್ಥೆ ಇಲ್ಲ. ಏರಿಕೆ ಬರುವುದು ಸ್ಟೆಪ್‌ನಿಂದ (ವೇತನಪಟ್ಟಿಯ ಮುಂದಿನ ಮೆಟ್ಟಿಲು), ಒಪ್ಪಂದದಿಂದ, ಇಲ್ಲವೇ ಕೌಂಟಿ ಬಜೆಟ್‌ನಿಂದ.

ಸೋಷಿಯಲ್ ಸೆಕ್ಯುರಿಟಿ ಕಡಿತ ಇದೆಯೇ ಎಂದೂ ಕೇಳಿ. ಕ್ಯಾಲಿಫೋರ್ನಿಯದ ಅನೇಕ ಸೇಫ್ಟಿ ಹುದ್ದೆಗಳಲ್ಲಿ ಇಲ್ಲ. ಇಲ್ಲದಿದ್ದರೆ ಶೇ. 6.2 ಕೈಯಲ್ಲಿ ಉಳಿಯುತ್ತದೆ, ಆ ಕಡೆಯ ಪಿಂಚಣಿ ಬೆಳೆಯುವುದಿಲ್ಲ. ಇಂಥವರು ಬೇರೆ ಕೆಲಸದಿಂದ ಗಳಿಸಿದ ಸೋಷಿಯಲ್ ಸೆಕ್ಯುರಿಟಿಯನ್ನು ಕತ್ತರಿಸುತ್ತಿದ್ದ ಎರಡು ನಿಯಮಗಳನ್ನು 2025ರ ಜನವರಿ 5ರಂದು ಸಹಿಯಾದ ಕಾನೂನು ತೆಗೆದುಹಾಕಿದೆ. ಹಳೆಯ ಲೇಖನಗಳಲ್ಲಿ ಆ ಕಡಿತದ ಹೆದರಿಕೆ ಇನ್ನೂ ಕಾಣುತ್ತದೆ, ಅದನ್ನು ಬಿಡಿ.

ಗಾಯವಾದರೆ ಏನು ಎನ್ನುವುದನ್ನು ಯಾರೂ ಮೊದಲು ಕೇಳುವುದಿಲ್ಲ. ಕೇಳಲೇಬೇಕು. ಕ್ಯಾಲಿಫೋರ್ನಿಯದ ಕಾರ್ಮಿಕ ಸಂಹಿತೆಯ 4850ನೇ ವಿಧಿ ಪ್ರಕಾರ ಡ್ಯೂಟಿಯಲ್ಲಿ ಗಾಯಗೊಂಡ ಡೆಪ್ಯುಟಿಗೆ ಒಂದು ವರ್ಷದವರೆಗೆ ಪೂರ್ಣ ಸಂಬಳದ ರಜೆ ಸಿಗುತ್ತದೆ. ಹೃದ್ರೋಗ, ಹರ್ನಿಯ, ಕ್ಯಾನ್ಸರ್, 2020ರಿಂದ ಆಘಾತೋತ್ತರ ಮಾನಸಿಕ ಒತ್ತಡ ಇವು ಕೆಲಸದಿಂದಲೇ ಬಂದವು ಎಂದು ಕಾನೂನೇ ಊಹಿಸಿಕೊಳ್ಳುತ್ತದೆ, ಅಲ್ಲವೆಂದು ಸಾಬೀತು ಮಾಡುವ ಹೊಣೆ ಕೌಂಟಿಯದು. ಟೆಕ್ಸಾಸಿನ ಆಫರ್ ಪಕ್ಕ ಇದಕ್ಕೆ ಸಮನಾದದ್ದು ಏನಿದೆ ಎಂದು ಬರೆದು ಕೇಳಿ.

ತುಂಗಾತೀರ

ಇಷ್ಟು ವಿವರ ಸಿಗುತ್ತದೆಂದು ಅಂದುಕೊಂಡಿರಲಿಲ್ಲ, ಇಬ್ಬರಿಗೂ ಧನ್ಯವಾದ. ಎರಡು ಸಂಶಯ ಉಳಿದಿವೆ. ಜೈಲಿನ ಡ್ಯೂಟಿ ಎಂದರೆ ಹುಡುಗ ಹಿಂಜರಿಯುತ್ತಿದ್ದಾನೆ, ಅದು ಕೆಳದರ್ಜೆಯದೇ? ಮತ್ತೆ ಹತ್ತು ಗಂಟೆ, ಹನ್ನೆರಡು ಗಂಟೆಗಳ ನಡುವೆ ದೇಹದ ಮೇಲೆ ಆಗುವ ವ್ಯತ್ಯಾಸ ಏನು? ಓಟಿ ಬಲವಂತವಾಗಿ ಹಾಕುತ್ತಾರಂತೆ, ಹೌದೇ?

ರಾತ್ರಿಪಾಳಿ

ಶೆರಿಫ್ ಚುನಾಯಿತ ಅಧಿಕಾರಿ, ಕೌಂಟಿಯ ಜೈಲು ಬಹುತೇಕ ಕಡೆ ಅವನ ಜವಾಬ್ದಾರಿ. ನಗರ ಪೊಲೀಸರಿಗೆ ಇಲ್ಲದ ಹೊರೆ ಇದು. ಕ್ಯಾಲಿಫೋರ್ನಿಯದ ದೊಡ್ಡ ಕೌಂಟಿಗಳಲ್ಲಿ, ಲಾಸ್ ಏಂಜಲೀಸ್, ಆರೆಂಜ್ ಸೇರಿದಂತೆ, ಹೊಸ ಡೆಪ್ಯುಟಿಗಳು ಮೊದಲು ಜೈಲಿಗೇ ಹೋಗುತ್ತಾರೆ. ಕೆಳದರ್ಜೆ ಅಲ್ಲ. ಆದರೆ ಹುದ್ದೆಯ ಹೆಸರನ್ನು ಗಮನಿಸಿ. "ಡೆಪ್ಯುಟಿ ಶೆರಿಫ್" ಎಂದಿದ್ದರೆ ಪೋಸ್ಟ್‌ನ (ಪೊಲೀಸ್ ತರಬೇತಿಯ ರಾಜ್ಯ ಆಯೋಗ) ಬೇಸಿಕ್ ಅಕಾಡೆಮಿ (ಕನಿಷ್ಠ 664 ಗಂಟೆ, ಬಹಳ ಅಕಾಡೆಮಿಗಳು ಅದಕ್ಕಿಂತ ಉದ್ದ) ಮುಗಿಸಿದ ಪೂರ್ಣ ಶಾಂತಿಪಾಲಕ ಅಧಿಕಾರಿ, ಮುಂದೆ ಗಸ್ತಿಗೆ ಹೋಗುವ ದಾರಿ ತೆರೆದಿದೆ. "ಕರೆಕ್ಷನಲ್ ಡೆಪ್ಯುಟಿ" ಅಥವಾ "ಕಸ್ಟಡಿ ಡೆಪ್ಯುಟಿ" ಎಂದಿದ್ದರೆ ಬೇರೆ ಶ್ರೇಣಿ, ಬೇರೆ ವೇತನಪಟ್ಟಿ, ಕೆಲವು ಕಡೆ ಬೇರೆ ಒಪ್ಪಂದ. ಗಸ್ತಿಗೆ ಹೋಗಬೇಕೆಂದರೆ ಮತ್ತೆ ಅಕಾಡೆಮಿ. ಆಫರ್ ಪತ್ರದ ಮೊದಲ ಸಾಲಲ್ಲೇ ಇದು ಗೊತ್ತಾಗುತ್ತದೆ.

ಬಲವಂತದ ಓಟಿ ಹೌದು, ಜೈಲಿನಲ್ಲಿ ಹೆಚ್ಚು. ಕಾರಣ ಸರಳ ಗಣಿತ. ಒಂದು ಕಾವಲು ಸ್ಥಾನವನ್ನು ವರ್ಷವಿಡೀ ತುಂಬಲು 8,760 ಗಂಟೆ ಬೇಕು. 2-2-3ರ ಡೆಪ್ಯುಟಿ ವರ್ಷಕ್ಕೆ 2,184 ಗಂಟೆ. ಭಾಗಿಸಿದರೆ 4.01. ಅಂದರೆ ನಾಲ್ಕು ತಂಡಗಳಿಂದ ಆ ಸ್ಥಾನ ಸರಿಯಾಗಿ ತುಂಬುತ್ತದೆ, ಯಾರೂ ಒಂದು ದಿನವೂ ರಜೆ ಹಾಕದಿದ್ದರೆ! ರಜೆ, ಕಾಯಿಲೆ, ತರಬೇತಿಗೆ ತಲಾ 300 ಗಂಟೆ ಕಳೆದು ನೋಡಿ: 8,760 ÷ 1,884 = 4.65. ಆ 0.65 ಜನರನ್ನು ನೇಮಿಸಿಕೊಳ್ಳದ ಕೌಂಟಿ ಅದನ್ನು ಇರುವವರ ಮೇಲೆ ಹೊರಿಸುತ್ತದೆ. ಗಸ್ತಿನಲ್ಲಿ ಒಂದು ಕಾರು ಕಡಿಮೆ ಓಡಿಸಿ ಸುಧಾರಿಸಬಹುದು, ಜೈಲಿನ ಒಂದು ಮಹಡಿಯನ್ನು ಕಾವಲಿಲ್ಲದೆ ಬಿಡುವ ಹಾಗಿಲ್ಲ. ಆದ್ದರಿಂದ ಪಾಳಿ ಮುಗಿದವನನ್ನೇ ನಿಲ್ಲಿಸಿಕೊಳ್ಳುತ್ತಾರೆ. ಹನ್ನೆರಡು ಗಂಟೆ ಮುಗಿಸಿದವನನ್ನು ನಾಲ್ಕು ಗಂಟೆ ನಿಲ್ಲಿಸಿದರೆ ಹದಿನಾರು, ಆಮೇಲೆ ಮುಂದಿನ ಪಾಳಿಗೆ ಉಳಿಯುವುದು ಎಂಟು ಗಂಟೆ, ಅದರಲ್ಲೇ ಓಡಾಟ, ಸ್ನಾನ, ಊಟ, ನಿದ್ದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆಗಳು: ಮಂಜೂರಾದ ಹುದ್ದೆ ಎಷ್ಟು, ಈಗ ತುಂಬಿರುವುದು ಎಷ್ಟು? ಎರಡು ಪಾಳಿಗಳ ನಡುವೆ ಕನಿಷ್ಠ ಎಷ್ಟು ಗಂಟೆ ಬಿಡುವು ಎಂದು ಒಪ್ಪಂದದಲ್ಲಿದೆ? ಬಲವಂತದ ಸರದಿ ಯಾವ ಕ್ರಮದಲ್ಲಿ? ಸಾಮಾನ್ಯವಾಗಿ ಕಿರಿಯರಿಂದ ಶುರುವಾಗುತ್ತದೆ, ಮೊದಲ ಎರಡು ಮೂರು ವರ್ಷ ಇವನ ಹೆಸರೇ ಮೇಲಿರುತ್ತದೆ. ಪಾಳಿ ಆರಿಸಿಕೊಳ್ಳುವುದೂ ಹಿರಿತನದ ಮೇಲೆ. ಹೊಸಬನಿಗೆ ಉಳಿಯುವುದು ರಾತ್ರಿ. ನಾಲ್ಕು ದಿನದ ಪದ್ಧತಿಯಲ್ಲಾದರೆ ವಾರದ ಮಧ್ಯದ ರಜೆ. ಇದು ನೋಡಿ 2-2-3ರ ನಿಜವಾದ ಅನುಕೂಲ: ಎಷ್ಟೇ ಕಿರಿಯನಾದರೂ ಎರಡು ವಾರಕ್ಕೊಮ್ಮೆ ಶುಕ್ರ, ಶನಿ, ಭಾನು ಬಿಡುವು ಸಿಗುತ್ತದೆ.

ದೇಹದ ಪ್ರಶ್ನೆಗೆ ನನ್ನ ಅಭಿಪ್ರಾಯ ಹತ್ತು ಗಂಟೆಯ ಪರ. ಡೆಟ್ರಾಯ್ಟ್ ಮತ್ತು ಟೆಕ್ಸಾಸಿನ ಆರ್ಲಿಂಗ್ಟನ್ ಪೊಲೀಸರ ಮೇಲೆ ಪೊಲೀಸ್ ಫೌಂಡೇಶನ್ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 8, 10, 12 ಗಂಟೆಯ ಪಾಳಿಗಳಿಗೆ ಅಧಿಕಾರಿಗಳನ್ನು ಚೀಟಿ ಎತ್ತಿದಂತೆ ಹಂಚಿದ್ದರು. ಹತ್ತು ಗಂಟೆಯವರು ಎಂಟು ಗಂಟೆಯವರಿಗಿಂತ ದಿನಕ್ಕೆ ಅರ್ಧ ಗಂಟೆಗೂ ಹೆಚ್ಚು ನಿದ್ದೆ ಮಾಡಿದರು, ಓಟಿಯೂ ಅವರಿಗೆ ಬಹಳ ಕಡಿಮೆ ಬಿತ್ತು. ಹನ್ನೆರಡು ಗಂಟೆಯವರಲ್ಲಿ ಮಂಪರು ಹೆಚ್ಚು, ಎಚ್ಚರ ಕಡಿಮೆ ಕಂಡಿತು. ಹತ್ತು ಗಂಟೆಯ ಮೂರು ಪಾಳಿ ಸೇರಿದರೆ ದಿನಕ್ಕೆ 30 ಗಂಟೆ, ಅಂದರೆ ಆರು ಗಂಟೆ ಪಾಳಿಗಳು ಒಂದರ ಮೇಲೊಂದು ಬರುತ್ತವೆ. ಕರೆಗಳು ಹೆಚ್ಚಿರುವ ಸಂಜೆ ಹೊತ್ತಿಗೆ ಆ ಆರು ಗಂಟೆ ಇಟ್ಟರೆ ಬೆನ್ನಿಗೆ ಜನ ಇರುತ್ತಾರೆ. ಗಸ್ತಿನಲ್ಲಿ ಅದು ಜೀವದ ಪ್ರಶ್ನೆ. ಹನ್ನೆರಡರ ಪದ್ಧತಿಯಲ್ಲಿ ಎರಡು ಪಾಳಿ ತುದಿಗೆ ತುದಿ ಸೇರುತ್ತವೆ, ಒಂದರ ಮೇಲೊಂದು ಬರುವ ಹೊತ್ತು ಇಲ್ಲ.

ಹನ್ನೆರಡರಲ್ಲಿ ಇನ್ನೊಂದು ಸಣ್ಣ ಸೋರಿಕೆ. ಕೌಂಟಿ ಸಾರ್ವತ್ರಿಕ ರಜೆಯನ್ನು 8 ಗಂಟೆ ಎಂದು ಕೊಡುತ್ತದೆ, ಪಾಳಿ 12. ಹಬ್ಬದ ದಿನ ಮನೆಯಲ್ಲಿದ್ದರೆ ಉಳಿದ 4 ಗಂಟೆ ಇವನ ಗಳಿಕೆ ರಜೆಯಿಂದ ಕಳೆಯುತ್ತಾರೆ. ವರ್ಷಕ್ಕೆ 11 ಹಬ್ಬ ಎಂದರೆ 44 ಗಂಟೆಯವರೆಗೂ ಹೋಗಬಹುದು. ಕಾಯಿಲೆ ರಜೆಯೂ ತಿಂಗಳಿಗೆ 8 ಗಂಟೆ ಎಂದಿದ್ದರೆ ಒಂದು ದಿನ ಮಲಗಲು ಒಂದೂವರೆ ತಿಂಗಳ ಗಳಿಕೆ ಬೇಕು. ನವೆಂಬರ್‌ನಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುವ ರಾತ್ರಿ ಪಾಳಿ 13 ಗಂಟೆಯದು. ಆ ಹೆಚ್ಚಿನ ಗಂಟೆ ಟೈಮ್‌ಶೀಟ್‌ನಲ್ಲಿ ಬಂದಿದೆಯೇ ಎಂದು ನೋಡಿಕೊಳ್ಳಬೇಕು, ತಂತ್ರಾಂಶ ತಾನಾಗಿ 12 ಎಂದೇ ಹಾಕಿಬಿಡುವುದುಂಟು.

ಅಂಕೆಸಂಖ್ಯೆ

ಕಾಂಪ್ ಟೈಮ್ ವಿಷಯ ಬಿಟ್ಟುಹೋಗಿತ್ತು. ಓಟಿಗೆ ಹಣದ ಬದಲು ಒಂದೂವರೆ ಪಟ್ಟು ಬಿಡುವು ಕೊಡಲು ಸರ್ಕಾರಿ ಸಂಸ್ಥೆಗಳಿಗೆ ಅವಕಾಶವಿದೆ, ಮುಂಚಿತ ಒಪ್ಪಿಗೆಯ ಮೇಲೆ. ಕಾನೂನು ಪಾಲನೆಯವರಿಗೆ ಮಿತಿ 480 ಗಂಟೆ, ಅಂದರೆ ನಿಜವಾಗಿ ದುಡಿದ 320 ಓಟಿ ಗಂಟೆ. ಅದು ತುಂಬುವವರೆಗೂ ನಗದು ಕೊಡದೆ ಇರಬಹುದು. ಜನ ಕಡಿಮೆಯಿರುವ ಕೌಂಟಿಯಲ್ಲಿ ಅಂಥ ಬಿಡುವು ಕೇಳಿದಾಗಲೆಲ್ಲ "ಈ ವಾರ ಆಗದು" ಎಂಬ ಉತ್ತರ. ಕೆಲಸ ಬಿಡುವಾಗ ಉಳಿದದ್ದಕ್ಕೆ ಹಣ ಕೊಡಲೇಬೇಕು, ಕೊನೆಯ ದರ ಅಥವಾ ಕೊನೆಯ ಮೂರು ವರ್ಷದ ಸರಾಸರಿ ದರ, ಯಾವುದು ಹೆಚ್ಚೋ ಅದರಂತೆ. ಹುಡುಗ ಓಟಿ ಹಣ ನಂಬಿಕೊಂಡು ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ "ಓಟಿ ನಗದೋ, ಕಾಂಪೋ, ಆಯ್ಕೆ ಯಾರದು" ಎಂದು ಕೇಳಲಿ.

ಓಟಿ ದರ ಲೆಕ್ಕ ಹಾಕುವಾಗ ಬೇಸಿಕ್ ಮಾತ್ರ ತೆಗೆದುಕೊಳ್ಳುವ ತಪ್ಪು ಬಹಳ ಕಡೆ ನಡೆಯುತ್ತದೆ. ರಾತ್ರಿ ಭತ್ಯೆ, ಶಿಕ್ಷಣ ಭತ್ಯೆ, ಪ್ರಮಾಣಪತ್ರದ ಭತ್ಯೆ, ದ್ವಿಭಾಷಾ ಭತ್ಯೆ ಎಲ್ಲವೂ "ರೆಗ್ಯುಲರ್ ರೇಟ್"ಗೆ (ಓಟಿ ಲೆಕ್ಕದ ಮೂಲ ದರ) ಸೇರಬೇಕು. ಆರೋಗ್ಯ ವಿಮೆ ಬೇಡವೆಂದವರಿಗೆ ಕೊಡುವ ನಗದೂ ಸೇರಬೇಕೆಂದು 2016ರಲ್ಲಿ ಒಂಬತ್ತನೇ ಸರ್ಕ್ಯೂಟ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಸ್ಯಾನ್ ಗೇಬ್ರಿಯಲ್ ನಗರದ ಪ್ರಕರಣದಲ್ಲಿ ಹೇಳಿತು. ಕ್ಯಾಲಿಫೋರ್ನಿಯ ಆ ವ್ಯಾಪ್ತಿಯಲ್ಲಿದೆ, ಟೆಕ್ಸಾಸ್ ಇಲ್ಲ.

ಹಳೇಬೇರು

ಯಾವ ಕಾಗದ ಎಂದು ಕೇಳಿದ್ದಿರಿ. ಕ್ಯಾಲಿಫೋರ್ನಿಯದ ಕೌಂಟಿಗೆ ಡೆಪ್ಯುಟಿಗಳ ಸಂಘದ ಜೊತೆಗಿನ ಎಂಒಯು (ಲಿಖಿತ ಒಪ್ಪಂದ) ಇರುತ್ತದೆ. ಅಲ್ಲಿ 1968ರಿಂದ ಸ್ಥಳೀಯ ಸರ್ಕಾರದ ನೌಕರರಿಗೆ ಸಾಮೂಹಿಕ ಚೌಕಾಸಿಯ ಕಾನೂನಿದೆ. ಎಂಒಯು ಕೌಂಟಿಯ ಜಾಲತಾಣದಲ್ಲೇ ಸಿಗುತ್ತದೆ, ಜೊತೆಗೆ ವೇತನಪಟ್ಟಿ. ಸ್ಟೆಪ್ ಎಷ್ಟು, ಒಂದರಿಂದ ಇನ್ನೊಂದಕ್ಕೆ ಎಷ್ಟು ತಿಂಗಳು, ಒಪ್ಪಂದ ಯಾವಾಗ ಮುಗಿಯುತ್ತದೆ ನೋಡಿ. ಮುಗಿಯಲು ಎರಡು ತಿಂಗಳಿದ್ದರೆ ಆಫರ್‌ನ ಅಂಕಿ ಬದಲಾಗಬಹುದು.

ಟೆಕ್ಸಾಸಿನಲ್ಲಿ ಮತದಾರರು ಒಪ್ಪಿದ ಕೌಂಟಿಗಳಲ್ಲಿ ಮಾತ್ರ ಅಂಥ ಚೌಕಾಸಿ. ಉಳಿದ ಕಡೆ ಕೌಂಟಿಯ ಸಿಬ್ಬಂದಿ ಕೈಪಿಡಿ, ಕಮಿಷನರ್ಸ್ ಕೋರ್ಟ್ (ಕೌಂಟಿಯ ಆಡಳಿತ ಮಂಡಳಿ) ಒಪ್ಪಿದ ಬಜೆಟ್, ಇವೆರಡೇ ಆಧಾರ. ಡೆಪ್ಯುಟಿ ಅಲ್ಲಿ ಶೆರಿಫ್ ಇಷ್ಟಪಟ್ಟಷ್ಟು ಕಾಲ ಸೇವೆಯಲ್ಲಿರುತ್ತಾನೆ, ಹೊಸ ಶೆರಿಫ್ ಗೆದ್ದು ಬಂದರೆ ಮುಂದುವರಿಸದೆಯೂ ಇರಬಹುದು. 5 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಕೌಂಟಿಗಳು ಶೆರಿಫ್ ಇಲಾಖೆಗೆ ಸಿವಿಲ್ ಸರ್ವಿಸ್ ರಕ್ಷಣೆ (ಮನಬಂದಂತೆ ಕೆಲಸದಿಂದ ತೆಗೆಯದಂತೆ ನಿಯಮ) ತರಬಹುದು. ಈ ಕೌಂಟಿಯಲ್ಲಿ ತಂದಿದ್ದಾರೆಯೇ ಎಂದು ಕೇಳಲಿ. ಜನಸಂಖ್ಯೆ 3 ಲಕ್ಷ ಅಥವಾ ಅದಕ್ಕಿಂತ ಕಡಿಮೆಯಾದರೆ 2023ರ ಸೆನೆಟ್ ಬಿಲ್ 22ರ ಅನುದಾನ ಬರುತ್ತಿರಬಹುದು. ಅದನ್ನು ಪಡೆಯುವ ಕೌಂಟಿ ಗಸ್ತಿನ ಡೆಪ್ಯುಟಿಗೆ ಕನಿಷ್ಠ 45,000, ಜೈಲರ್‌ಗೆ 40,000 ಕೊಡಲೇಬೇಕು. ಸಂಬಳದ ಒಂದು ಭಾಗ ಆ ಅನುದಾನದ ಮೇಲೆ ನಿಂತಿದೆಯೇ ಎಂಬುದು ಗೊತ್ತಿರಲಿ.

ಇದನ್ನು ಓದುವ ಬೇರೆಯವರಿಗಾಗಿ ಪೌರತ್ವದ ಮಾತು: ಕ್ಯಾಲಿಫೋರ್ನಿಯದಲ್ಲಿ 2023ರ ಜನವರಿ 1ರಿಂದ ಶಾಂತಿಪಾಲಕ ಅಧಿಕಾರಿಯಾಗಲು ಪೌರತ್ವ ಕಡ್ಡಾಯವಲ್ಲ, ಫೆಡರಲ್ ಕಾನೂನಿನಂತೆ ದುಡಿಯುವ ಹಕ್ಕಿದ್ದರೆ ಸಾಕು, ವಯಸ್ಸು 21 ಆಗಿರಬೇಕು. ಗ್ರೀನ್ ಕಾರ್ಡ್ ಇರುವವರು ಅರ್ಜಿ ಹಾಕಬಹುದು. ಎಚ್-1ಬಿಯವರಿಗೆ ದಾರಿಯಿಲ್ಲ, ಆ ವೀಸಾ ಒಬ್ಬ ಮಾಲೀಕನಿಗೆ ಕಟ್ಟಿದ್ದು, ಜೊತೆಗೆ ವಲಸೆಯೇತರ ವೀಸಾದವರು ಬಂದೂಕು ಹೊಂದಲು ಫೆಡರಲ್ ನಿರ್ಬಂಧವಿದೆ. ಫ್ಲಾರಿಡದಲ್ಲಿ ಪೌರತ್ವ ಬೇಕೇಬೇಕು.

ತುಂಗಾತೀರ

ಟೆಕ್ಸಾಸಿನವರಿಗೆ ಇಮೇಲ್ ಹೋಗಿದೆ: 70,000 ಎಷ್ಟು ಗಂಟೆಗೆ, ಅವಧಿ 14 ದಿನವೋ 28ವೋ, ಬ್ರೀಫಿಂಗ್ ಒಳಗೋ ಹೊರಗೋ, ಓಟಿ ನಗದೋ ಕಾಂಪೋ, ಟಿಸಿಡಿಆರ್‌ಎಸ್ ವಂತಿಗೆ, ಮ್ಯಾಚ್, ಹಕ್ಕಿನ ವರ್ಷ, ಗಾಯದ ರಜೆ, ಸಿವಿಲ್ ಸರ್ವಿಸ್. ಕ್ಯಾಲಿಫೋರ್ನಿಯದ ಎಂಒಯು ಜಾಲತಾಣದಿಂದ ಇಳಿಸಿಕೊಂಡೆವು. ಆಫರ್‌ನಲ್ಲಿ ಹುದ್ದೆಯ ಹೆಸರು "ಡೆಪ್ಯುಟಿ ಶೆರಿಫ್" ಎಂದೇ ಇದೆ. ರಜೆಯನ್ನು ದುಡಿದ ಗಂಟೆಯಾಗಿ ಎಣಿಸುವ ಸಾಲೂ ಓಟಿ ಅಧ್ಯಾಯದಲ್ಲಿ ಇದೆ, ಆದರೆ ಕಾಯಿಲೆ ರಜೆಯನ್ನು ಅದರಿಂದ ಹೊರಗಿಟ್ಟಿದ್ದಾರೆ. ಟೆಕ್ಸಾಸಿನ ಉತ್ತರ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ.